ಬಳ್ಳಿಯ ಬಾಣಂತನ

ನಮ್ಮ ವಸ್ತು ಹಾಳಾದರೆ ಎರಡು ದಿನದ ದುಃಖ. ಇನ್ನೊಬ್ಬರ ವಸ್ತು ನಮ್ಮ ಮನೆಯಲ್ಲಿ ಹಾಳಾದರೆ ಎರಡು ತಲೆಮಾರಿನ ಮಾತು. ನಮ್ಮ ಓಣಿಯಲ್ಲಿ ಒಬ್ಬರು ಮಗಳ ಮದುವೆಗೆಂದು ಪಕ್ಕದ ಮನೆಯ ಹಿತ್ತಾಳೆ ಕೊಳಗ ತಂದಿದ್ದರು. ಅದು ಒಂದು ಸಣ್ಣ ನೆಗ್ಗು ಬಿದ್ದು ಹಿಂತಿರುಗಿತು. ಆ ಮಗಳಿಗೆ ಮಕ್ಕಳಾಗಿ, ಆ ಮಕ್ಕಳು ದೊಡ್ಡವರಾದರೂ, ಪಕ್ಕದ ಮನೆಯವರು ಕೊಳಗ ತೊಳೆದು ಬಿಸಿಲಿಗೆ ಇಡುವಾಗಲೆಲ್ಲ ನೆಗ್ಗನ್ನು ಬೀದಿಯ ಕಡೆಗೇ ತಿರುಗಿಸಿ ಇಡುತ್ತಿದ್ದರು. ಆದ್ದರಿಂದ ತಿಳಿದವರು ಪರರ ಸೊತ್ತು ಬಾಗಿಲಿಗೆ ಬಂದಾಗಲೇ ಬೇಡ ಎಂದು ಹೇಳಿಬಿಡುತ್ತಾರೆ. ನನಗೂ ಇಷ್ಟೆಲ್ಲ ತಿಳಿದಿತ್ತು. ಹೇಳುವುದೊಂದು ತಿಳಿದಿರಲಿಲ್ಲ.

ಮಕ್ಕಳೇ, ನಿಮ್ಮ ಅಜ್ಜಿ ಓದಿದ್ದು ಹಳ್ಳಿಯ ಕೂಲಿಮಠದಲ್ಲಿ, ಅದೂ ಅಯ್ಯನವರ ಮಗಳಿಗೆ ಒಬ್ಬಳು ಜೊತೆ ಬೇಕೆಂದು ಕೂರಿಸಿದ್ದರಿಂದ. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದೆವು. ಅಯ್ಯನವರು ಮಗ್ಗಿ ಕೇಳಿದರೆ ನನಗೆ ಬರುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಉತ್ತರವನ್ನು ಮರಳಿನ ಮೇಲೆ ಬರೆದು, ಅವರು ನೋಡುವ ಮೊದಲೇ ಅಂಗೈಯಿಂದ ಅಳಿಸಿಬಿಡುತ್ತಿದ್ದೆ. ಮೂರು ವರ್ಷ ಕಲಿಸಿದ ಮೇಲೆ ಅವರು ನಮ್ಮಪ್ಪನಿಗೆ, "ಈ ಹುಡುಗಿಗೆ ಏನು ಬರ್ತೈತೆ, ಏನು ಬರಲ್ಲ ಅನ್ನೋದು ದೇವರೊಬ್ಬನಿಗೇ ಗೊತ್ತು" ಎಂದು ಹೇಳಿ ಕಳಿಸಿದರಂತೆ. ಮದುವೆಯಾಗಿ ಚಳ್ಳಕೆರೆಗೆ ಬಂದಾಗ ಆ ನಾಚಿಕೆಯೂ ನನ್ನ ಜೊತೆ ಗಾಡಿ ಹತ್ತಿ ಬಂತು. ನಿಮ್ಮ ತಾತ ಬದುಕಿರುವವರೆಗೆ ಮನೆಯ ಪರವಾಗಿ ಬೇಡ ಎನ್ನುವ ಕೆಲಸ ಅವರದಾಗಿತ್ತು. ಅದನ್ನು ಅವರು ಬಹಳ ಚೆನ್ನಾಗಿ ಮಾಡುತ್ತಿದ್ದರು. ಎಷ್ಟು ಚೆನ್ನಾಗಿ ಎಂದರೆ, ಬೇಕಾದದ್ದಕ್ಕೂ ಮೊದಲು ಬೇಡ ಎಂದು, ಆಮೇಲೆ ಯೋಚನೆ ಮಾಡುತ್ತಿದ್ದರು. ಅವರು ಹೋದ ಮೇಲೆ ಆ ಕೆಲಸ ಖಾಲಿ ಬಿತ್ತು.

ಹೀಗಿರುವಾಗ, ಪ್ಲೇಗಿಗೆ ಹೆದರಿ ಹೊಲದ ಗುಡಿಸಲು ಸೇರಿದ್ದ ಜನವೆಲ್ಲ ಮನೆಗಳಿಗೆ ಮರಳಿ ಎರಡೋ ಮೂರೋ ವರ್ಷವಾಗಿತ್ತು, ಒಂದು ಕಾರ್ತಿಕ ಮಾಸದ ಬೆಳಿಗ್ಗೆ ನಮ್ಮ ಬಾಗಿಲಲ್ಲಿ ಮೊಳಕಾಲ್ಮೂರಿನ ಕಮಾನುಗಾಡಿ ನಿಂತಿತು. ಇಳಿದವರು ನನ್ನ ಬೀಗತಿ ರುದ್ರಮ್ಮನವರು, ಅಂದರೆ ನನ್ನ ಮಗಳು ಗಂಗಮ್ಮನ ಅತ್ತೆ. ಗಂಗಮ್ಮ ನಿಮ್ಮಲ್ಲಿ ಮೂವರಿಗೆ ತಾಯಿ, ಉಳಿದವರಿಗೆ ಸೋದರತ್ತೆ. ಆಗಿನ್ನೂ ಅವಳ ಮದುವೆಯಾಗಿ ಎರಡು ವರ್ಷ. ರುದ್ರಮ್ಮನವರು ಒಳ್ಳೆಯ ಹೆಂಗಸು. ನಾನು ಜೀವಮಾನದಲ್ಲಿ ಆಡದೆ ಉಳಿಸಿದ ಮಾತನ್ನೆಲ್ಲ ದೇವರು ವ್ಯರ್ಥ ಮಾಡಬಾರದೆಂದು ಅವರಿಗೆ ಕೊಟ್ಟಿದ್ದ, ಅಷ್ಟೇ. ಅವರ ಹಿಂದೆ ಗಾಡಿಯವನು ಒಂದು ಸೀಮೆಎಣ್ಣೆ ಡಬ್ಬವನ್ನು ಮಗುವನ್ನು ಇಳಿಸುವ ಹಾಗೆ ಎರಡು ಕೈಯಲ್ಲಿ ಇಳಿಸಿದ. ಡಬ್ಬದ ತುಂಬ ಮಣ್ಣು, ಮಣ್ಣಿನಲ್ಲಿ ಮೂರು ಬಿದಿರುಕಡ್ಡಿ, ಕಡ್ಡಿಗೆ ಸುತ್ತಿಕೊಂಡ ಒಂದು ಹಸಿರು ಬಳ್ಳಿ.

ಅದು ರಂಗೂನು ಬಳ್ಳಿ. ಈಗ ಊರಿಗೆ ನಾಲ್ಕು ಮನೆಯಲ್ಲಿದೆ, ಆಗ ನಮ್ಮ ಸೀಮೆಯಲ್ಲಿ ಕಂಡವರಿರಲಿಲ್ಲ. ನಮ್ಮ ಬೀಗರಿಗೆ ಮೊಳಕಾಲ್ಮೂರಿನಲ್ಲಿ ಎರಡು ಮಗ್ಗ. ರೇಷ್ಮೆಗೆ ಬಣ್ಣವನ್ನೂ ಅವರೇ ಕಟ್ಟುತ್ತಿದ್ದರು. ಸೀರೆ ಮಾರಲು ಬಳ್ಳಾರಿಯ ದಂಡಿನ ಪಾಳ್ಯಕ್ಕೆ ಹೋದಾಗ ಅಲ್ಲಿ ಯಾವುದೋ ದೊರೆಯ ಬಂಗಲೆಯ ಮಾಲಿಯನ್ನು ಕಾಡಿ ಬೇಡಿ ತಂದಿದ್ದರಂತೆ. ಇದರ ಹೂವಿನ ಚೋದ್ಯ ನಿಮಗೆ ಗೊತ್ತು: ಸಂಜೆ ಬಿರಿಯುವಾಗ ಮಲ್ಲಿಗೆಯ ಹಾಗೆ ಬಿಳಿ, ಬೆಳಗಾದರೆ ತೆಳುಗುಲಾಬಿ, ಮಾರನೆಯ ಸಂಜೆಗೆ ಕುಂಕುಮದಷ್ಟು ಕೆಂಪು. ಬೀಗರು ಕೈಯಲ್ಲಿ ರೇಷ್ಮೆಯ ಎಳೆ ಹಿಡಿದು ಬಳ್ಳಿಯ ಮುಂದೆ ಗಂಟೆಗಟ್ಟಲೆ ಕುಳಿತು, "ನಾನು ಅರಗು ಅರೆದು, ಮೂರು ದಿನ ಕುದಿಸಿ ತರೋ ಬಣ್ಣನ ಇದು ಬೆಂಕಿ ಇಲ್ದಂಗೆ ತರ್ತೈತಲ್ಲ" ಎಂದು ಅದರ ಜೊತೆ ಜಗಳವಾಡುತ್ತಿದ್ದರೆಂದು ಗಂಗಮ್ಮ ಹೇಳಿದ್ದಳು.

"ನಮ್ಮೂರ ಸುತ್ತ ಬರೀ ಗುಡ್ಡ, ಬೀಗ್ರೇ" ಎಂದರು ರುದ್ರಮ್ಮನವರು, ಇನ್ನೂ ಕಾಲಿಗೆ ನೀರು ಕೂಡ ತೆಗೆದುಕೊಂಡಿರಲಿಲ್ಲ. "ಬಂಡೆ ಮೇಲಿಂದ ಇಳಿಯೋ ಚಳಿನ ಈ ಸುಕುಮಾರಿ ತಡಿಯಲ್ಲ. ನಿಮ್ಮ ಚಳ್ಳಕೆರೆ ಬಯಲು, ಬೆಚ್ಚಗೈತೆ. ಮನೇಲಿ ಬಾವಿ ಐತೆ, ನಿಮ್ಮಂಥ ತಾಳ್ಮೆಯೋರು ಇದೀರಿ. ಉಗಾದಿಗೆ ಬಂದು ಒಯ್ತೀನಿ. ಒಂದು ಮಾತು ಹೇಳ್ತೀನಿ, ಇದು ನಮ್ಮೆಜಮಾನ್ರ ಪಂಚಪ್ರಾಣ. ಇದಕ್ಕೇನಾದ್ರೂ ಆದ್ರೆ ಅವರ ಮುಖ ನೋಡೋಕಾಗಲ್ಲ."

ನಾನು ತಲೆ ತಗ್ಗಿಸಿ ಸೆರಗಿನ ಅಂಚು ತಿರುವುತ್ತಿದ್ದೆ. ನಮ್ಮ ಕಡೆ ಹೆಂಗಸು ತಲೆ ತಗ್ಗಿಸಿ ಸೆರಗು ತಿರುವಿದರೆ ಒಪ್ಪಿಗೆ ಎಂದೇ ಲೆಕ್ಕ. ನನ್ನ ಮದುವೆ ನಿಶ್ಚಯವಾದದ್ದೂ ಹೀಗೆಯೇ. ರುದ್ರಮ್ಮನವರು ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡು, ಇಳಿಹೊತ್ತಿಗೆ ಗಾಡಿ ಹತ್ತಿ ಹೋದರು. ಡಬ್ಬ ಪಡಸಾಲೆಯಲ್ಲಿ ಉಳಿಯಿತು.

"ಚಳಿ ಚಳ್ಳಕೆರೆಗೆ ಬರಲ್ಲ ಅಂತ ಅವ್ರಿಗೆ ಯಾರು ಹೇಳಿದ್ರು ಅತ್ತೆ?" ಎಂದು ಕೇಳಿದಳು ಸೊಸೆ ನಾಗಮ್ಮ.

"ಹಂಗಂತ ನೀನಾದ್ರೂ ಕೇಳಬಾರದಿತ್ತೇನವ್ವ."

"ಅವ್ರು ಮಧ್ಯದಾಗೆ ಒಂದು ಸಲ ಉಸಿರು ತಗಂಡಿದ್ರೆ ಕೇಳ್ತಿದ್ದೆ."

ನಾಗಮ್ಮನಿಗೆ ನಗು. ನನಗೆ ಅಂದಿನಿಂದಲೇ ಹೊಟ್ಟೆಯಲ್ಲಿ ಸಣ್ಣ ಕಲ್ಲು ಇಟ್ಟ ಹಾಗೆ. ತವರಿನಿಂದ ಹೋದ ಉಪ್ಪಿನಕಾಯಿಗೆ ಉಪ್ಪು ಹೆಚ್ಚಾದರೂ ಗಂಡನ ಮನೆಯಲ್ಲಿ ಅದು ಸೊಸೆಯ ತಲೆಗೇ ಬರುವುದು. ಬೀಗರ ಪಂಚಪ್ರಾಣ ನನ್ನ ಮನೆಯಲ್ಲಿ ಹೋಯಿತೆಂದರೆ, "ನಿಮ್ಮವ್ವನ ಮನೆಗೆ ಒಂದು ಬಳ್ಳಿ ಕೊಟ್ಟಿದ್ವಿ" ಎನ್ನುವ ಮಾತನ್ನು ಗಂಗಮ್ಮ ತಾನೂ ಅತ್ತೆಯಾಗುವವರೆಗೆ ಕೇಳಬೇಕು. ನಾನಾದರೆ ಚಳ್ಳಕೆರೆಯಲ್ಲಿ ಬಾಗಿಲು ಹಾಕಿಕೊಂಡು ಕೂರಬಹುದು. ಅವಳು ಎಲ್ಲಿ ಕೂರಬೇಕು? ಹೀಗೆ ಎಣಿಸಿ, ದಿನಾ ಬೆಳಿಗ್ಗೆ ಮಗಳ ಮುಖ ನೆನೆದು ಆ ಬಳ್ಳಿಯ ಮುಖ ನೋಡುತ್ತಿದ್ದೆ. ಬಾವಿಕಟ್ಟೆಯಲ್ಲಿ ಒಬ್ಬರಿಬ್ಬರು, "ಈ ವಯಸ್ಸಿನಾಗೆ ಹೂವಿನ ಹುಚ್ಚು ಹತ್ತಿತೇನವ್ವ" ಎಂದರು. ಗಂಡ ಸತ್ತವಳಿಗೆ ಹೂವಿನ ಜೊತೆ ಏನು ಕೆಲಸ ಎಂದು ಅದರ ಅರ್ಥ. ಹೂ ಮುಡಿಯುವ ಕಾಲ ಮುಗಿಯಬಹುದು, ಹೂವಿಗೆ ನೀರು ಹಾಕುವ ಕಾಲ ಯಾರಿಗೂ ಮುಗಿಯುವುದಿಲ್ಲ ಎಂದು ನನಗೆ ಒಳ್ಳೆಯ ಉತ್ತರ ಹೊಳೆಯಿತು. ಹೊಳೆದದ್ದು ಮನೆಗೆ ಬಂದು ಕೊಡ ಇಳಿಸಿದ ಮೇಲೆ.

ಮಾರ್ಗಶಿರ ಸುಖವಾಗಿ ಕಳೆಯಿತು. ಬಳ್ಳಿ ಇನ್ನೂ ಒಂದೆರಡು ಗೊಂಚಲು ಬಿಟ್ಟಿತು, ನಾಗಮ್ಮ ಮುಡಿದುಕೊಂಡಳು, ಓಣಿಯ ಹೆಂಗಸರು ಬಂದು ಅವಳ ತುರುಬಿನ ಬಣ್ಣ ಬದಲಾಗುವುದನ್ನು ನೋಡಿಕೊಂಡು ಹೋದರು. ಪುಷ್ಯ ಮಾಸ ಕಾಲಿಟ್ಟಿತು ನೋಡಿ. ದೊಡ್ಡಉಳ್ಳಾರ್ತಿಯ ಕಾವಲಿನ ಹುಲ್ಲುಬಯಲ ಮೇಲಿಂದ ಒಣ ಚಳಿಗಾಳಿ ಬೀಸತೊಡಗಿತು. ಅದಕ್ಕೆ ಅಡ್ಡ ನಿಲ್ಲಲು ಮರ ಕೂಡ ಇಲ್ಲ. ಕುರಿಗಳ ಬೆನ್ನು ಸವರಿಕೊಂಡು ನೇರ ನಮ್ಮ ಪಡಸಾಲೆಗೇ ಬರುತ್ತದೆ. ಮೊದಲ ದಿನ ಮೂರು ಎಲೆ ಹಳದಿಯಾಗಿ ಬಿದ್ದಿದ್ದವು. ನಾಗಮ್ಮ ನೋಡುವ ಮೊದಲೇ ಆರಿಸಿ ಮಡಿಲಿಗೆ ಹಾಕಿಕೊಂಡೆ. ಮಾರನೆಯ ದಿನ ಹನ್ನೊಂದು. ಅವೂ ಮಡಿಲಿಗೆ. ವಾರ ಕಳೆಯುವಷ್ಟರಲ್ಲಿ ನಾನು ನಡೆದರೆ ಒಣಗಿದ ಮೇವಿನ ಹೊರೆ ನಡೆದ ಹಾಗೆ ಸದ್ದಾಗುತ್ತಿತ್ತು.

"ಮಡಿಲಾಗೆ ಏನತ್ತೆ ಅದು?"

"ಸೊಪ್ಪು."

"ಯಾವ ಸೊಪ್ಪು?"

"ಬೀಗರ ಸೊಪ್ಪು" ಎಂದೆ. ಸುಳ್ಳು ಹೇಳಲು ಹೊರಟವಳಿಗೆ ಅರ್ಧ ದಾರಿಯಲ್ಲಿ ಧೈರ್ಯ ಹೋಯಿತು.

ಆ ಸಮಯಕ್ಕೆ ಸರಿಯಾಗಿ ಸೂಲಗಿತ್ತಿ ತಿಪ್ಪಕ್ಕ ಬಂದಳು. ರಾಂಪುರದ ಕಡೆಯವಳು, ಅವಳ ಕನ್ನಡದಲ್ಲಿ ನಾಲ್ಕು ಮಾತಿಗೆ ಒಂದು ತೆಲುಗು. ನಾಗಮ್ಮನ ಎರಡು ಹೆರಿಗೆಯನ್ನೂ ಅವಳೇ ಮಾಡಿಸಿದ್ದು. ಸುಗ್ಗಿ ಮುಗಿದ ಮೇಲೆ ಪಡಿ ಜೋಳ ತೆಗೆದುಕೊಂಡು ಹೋಗಲು ಬರುವುದು ಅವಳ ವಾಡಿಕೆ. ಜೋಳ ಅಳೆಯುತ್ತಿದ್ದವಳ ಕಣ್ಣು ಪಡಸಾಲೆಯ ಡಬ್ಬದ ಮೇಲೆ ಬಿತ್ತು. ಆ ಹೊತ್ತಿಗೆ ಬಳ್ಳಿಯಲ್ಲಿ ಉಳಿದದ್ದು ಕಡ್ಡಿ, ಕಡ್ಡಿಗೆ ಸುತ್ತಿದ ಇನ್ನೊಂದು ಕಡ್ಡಿ. ತಿಪ್ಪಕ್ಕ ಮೊರ ಕೆಳಗಿಟ್ಟು ಬಂದು, ಬಳ್ಳಿಯ ಬುಡವನ್ನು ಎರಡು ಬೆರಳಲ್ಲಿ ಹಿಡಿದು, ನಾಡಿ ನೋಡುವವಳ ಹಾಗೆ ಕಣ್ಣು ಮುಚ್ಚಿ ಕುಳಿತಳು.

"ಏಮ್ಮಾ, ಇದು ಎಷ್ಟು ಹೂವ ಬಿಟ್ಟಿತ್ತು?"

"ಗೊಂಚಲು ಗೊಂಚಲೇ ಬಿಟ್ಟಿತ್ತು ತಿಪ್ಪಕ್ಕ."

"ಮತ್ತೆ? ಅಷ್ಟು ಹೂವ ಬಿಡೋದು ಅಂದ್ರೆ ಹೆತ್ತಂಗೆ ಅಲ್ಲೇನಮ್ಮಾ? ಪಾಪಮು, ಇದು ಬಾಣಂತಿ. ಬಾಣಂತೀನ ಗಾಳೀಲಿ ಕೂರಿಸಿ ದಿನಾ ತಣ್ಣೀರು ಕುಡಿಸ್ತಿದೀರಲ್ಲ, ಮೈಗೆ ನಂಜು ಏರದೆ ಇನ್ನೇನಾಗ್ತೈತೆ?"

ಇದನ್ನು ಕೇಳಿ ನೀವು ನಗುತ್ತೀರಿ. ನಾನು ನಗಲಿಲ್ಲ. ನನಗೆ ಹೋದ ಜೀವ ಬಂದ ಹಾಗಾಯಿತು. ಗಿಡ ಬಳ್ಳಿಗಳ ವಿದ್ಯೆ ನನಗೆ ಗೊತ್ತಿರಲಿಲ್ಲ, ದೊರೆಯ ಬಂಗಲೆಯನ್ನು ನಾನು ಕಂಡವಳಲ್ಲ. ಆದರೆ ಬಾಣಂತನ ಎಂದರೆ ನನ್ನನ್ನು ಕೇಳಬೇಕು. ಓಣಿಯ ಅರ್ಧ ಮಕ್ಕಳ ತಾಯಂದಿರಿಗೆ ನೀರು ಹಾಕಿದ ಕೈ ಇದು. ಬಾಯಿ ಬಾರದವಳಿಗೆ ದೇವರು ಒಂದು ವಿದ್ಯೆ ಕೊಟ್ಟಿದ್ದ, ಅದರ ಎದುರಿಗೇ ಬಂದು ಈ ಬಳ್ಳಿ ಕಾಯಿಲೆ ಬಿದ್ದಿತ್ತು. ಅಂದೇ ಸಂಜೆ ನಾನೂ ತಿಪ್ಪಕ್ಕನೂ ಡಬ್ಬವನ್ನು ಎತ್ತಿ ಒಳಗೋಣೆಗೆ ಸಾಗಿಸಿದೆವು.

ಒಳಗೋಣೆ ಎಂದರೆ ನಿಮ್ಮಲ್ಲಿ ಅನೇಕರು ಹುಟ್ಟಿದ ಕೋಣೆಯೇ. ಕಿಟಕಿಯಿಲ್ಲ, ಮಾಳಿಗೆಯಲ್ಲಿ ಒಂದು ಬೆಳಕಿಂಡಿ, ಅದರ ಮೇಲೂ ನಾಲ್ಕು ಕಲ್ಲಿನ ಮೇಲೆ ಕೂರಿಸಿದ ಚಪ್ಪಡಿ. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದೆವು. ಅಗ್ಗಿಷ್ಟಿಕೆಯಲ್ಲಿ ಕೆಂಡ ತುಂಬಿ, ಓಮದ ಕಾಳು, ಬೆಳ್ಳುಳ್ಳಿ ಸಿಪ್ಪೆ, ಸಾಂಬ್ರಾಣಿ ಹಾಕಿ ಬೆಳಿಗ್ಗೆ ಸಂಜೆ ಹೊಗೆ. ಬುಡದಿಂದ ಒಂದು ಮೊಳದವರೆಗೆ ಹಳೆಯ ಸೀರೆಯ ಪಟ್ಟಿ ಸುತ್ತಿ ಬಿಗಿಯಾಗಿ ಕಟ್ಟಿದೆವು. ಬಾಣಂತಿಗೆ ನಡು ಕಟ್ಟದಿದ್ದರೆ ಮುಂದೆ ನೆಟ್ಟಗೆ ನಿಲ್ಲುವುದಿಲ್ಲ. ನೀರಿನ ವಿಷಯದಲ್ಲಿ ತಿಪ್ಪಕ್ಕ ಬಹಳ ಕಟ್ಟುನಿಟ್ಟು. "ನೀರು ಕೊಟ್ಟು ಬಾಣಂತೀನ ಕೆಡಿಸಬ್ಯಾಡ್ರಿ. ಎಂಟು ದಿನಕ್ಕೆ ಒಂದು ಚೊಂಬು, ಅದೂ ಉಗುರುಬೆಚ್ಚಗೆ, ಚಿಟಿಕೆ ಒಣಶುಂಠಿ ಹಾಕಿ" ಎಂದಳು. ಶುಂಠಿಯನ್ನು ನಾನೇ ಕುಟ್ಟಿದೆ.

ಕೊನೆಗೆ ಕಂಬಳಿ. ನಮ್ಮೂರ ಸಂತೆಯ ಕಂಬಳಿ ಹೇಗಿರುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಹುಣಸೆಬೀಜದ ಗಂಜಿ ಕುಡಿದ ಹೊಸ ಕಂಬಳಿ ಮಡಿಸಿದರೆ ಮಡಿಯುವುದಿಲ್ಲ, ನಿಲ್ಲಿಸಿದರೆ ತಾನೇ ನಿಲ್ಲುತ್ತದೆ. ಮಳೆಗೆ ಕುರುಬರು ಹೊದೆಯುವ ಹಾಗೆ ಕೊಪ್ಪೆ ಮಾಡಿ ಬಳ್ಳಿಯ ಮೇಲೆ ಇಟ್ಟೆವು. ಹೊಗೆ ಆಡಲೆಂದು ನೆತ್ತಿಯಲ್ಲಿ ಒಂದು ಕಿಂಡಿ ಬಿಟ್ಟೆವು. ಮಂಕುಬೆಳಕಿನಲ್ಲಿ ನೋಡಿದರೆ ಯಾರೋ ಮುಸುಕು ಹಾಕಿಕೊಂಡು ಕುಳಿತ ಹಾಗೆಯೇ ಇತ್ತು.

"ಅತ್ತೆ, ನನ್ನ ಎರಡನೇ ಬಾಣಂತನಕ್ಕೆ ಹಳೇ ಕಂಬಳಿ ಕೊಟ್ಟಿದ್ರಿ" ಎಂದಳು ನಾಗಮ್ಮ ಬಾಗಿಲಿಗೆ ಒರಗಿಕೊಂಡು.

"ಹಳೇದು ಮೆತ್ತಗಿರ್ತೈತೆ ಕಣವ್ವ."

"ಇದಕ್ಕೆ ಮೆತ್ತಗಿರೋದು ಬ್ಯಾಡ್ವಾ?"

ನಿನಗೇನಾದರೂ ಆದರೆ ನಿಮ್ಮವ್ವ ಒಬ್ಬಳೇ ಕೇಳುತ್ತಾಳೆ, ಇದಕ್ಕೇನಾದರೂ ಆದರೆ ರುದ್ರಮ್ಮನವರು ಕೇಳುತ್ತಾರೆ ಎನ್ನುವುದು ನಿಜವಾದ ಉತ್ತರ. ಆಡಲಿಲ್ಲ. ನಾಚಿಕೆ ಕೆಲವು ಸಲ ಮನೆ ಉಳಿಸುತ್ತದೆ.

ಒಂದು ದಿನ ಪಕ್ಕದ ಮನೆಯ ಪಾಲಜ್ಜಿ ಮಜ್ಜಿಗೆ ಕೇಳಿಕೊಂಡು ಬಂದಳು. ಕಣ್ಣು ಮಂಜು, ಕಿವಿಯೂ ಅಷ್ಟಕ್ಕಷ್ಟೆ, ಆದರೆ ಮೂಗು ಬಹಳ ಚುರುಕು. ಓಮದ ಹೊಗೆಯ ವಾಸನೆ ಹಿಡಿದು ನೇರ ಒಳಗೋಣೆಯ ಬಾಗಿಲಿಗೆ ಹೋದಳು. "ಯಾರು, ಗಂಗೀನಾ? ಯಾವಾಗ ಬಂದ್ಯೇ? ಹೆಣ್ಣೋ ಗಂಡೋ?" ಎಂದು ಕಂಬಳಿಯನ್ನು ಕೇಳಿದಳು. ಕಂಬಳಿ ಸುಮ್ಮನಿತ್ತು. "ಮಾತಾಡಲ್ವಾ? ನಿಮ್ಮವ್ವನ ಹೊಟ್ಟೇಲಿ ಹುಟ್ಟಿದೋಳು ಇನ್ನೆಂಗಿರ್ತೀಯ ಬಿಡು" ಎಂದು ಬೈದು, ಮಜ್ಜಿಗೆ ಮರೆತು ಹೊರಟುಹೋದಳು. ಸಂಜೆಯಾಗುವಷ್ಟರಲ್ಲಿ ಓಣಿಯ ಇಬ್ಬರು ಹೆಂಗಸರು ಬಾಣಂತಿಗೆಂದು ಕೊಬ್ಬರಿ, ಉತ್ತುತ್ತಿ, ಅಂಟು ತಂದು ಕೊಟ್ಟರು. ಇಲ್ಲವ್ವ, ಅದ್ಯಾವುದೂ ಇಲ್ಲ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಹೊಸಿಲು ದಾಟಿದ್ದರು. ಅಂಟಿನುಂಡೆಯನ್ನು ನಾಗಮ್ಮ ಕಟ್ಟಿದಳು, ನಾಗಮ್ಮನೇ ತಿಂದಳು. "ಹಳೇ ಕಂಬಳಿ ಬಾಕಿ ತೀರ್ತು" ಎಂದಳು.

ಮಾಘ ಬಂತು, ಶಿವರಾತ್ರಿಯೂ ಬಂತು. ವಾರಕ್ಕೊಮ್ಮೆ ಚೊಂಬು ಹಿಡಿದು ಒಳಹೋಗಿ, ಬಾಣಂತಿಯ ಪಾದ ಮುಟ್ಟಿ ನೋಡುವ ಹಾಗೆ ಕಂಬಳಿಯ ಅಂಚನ್ನು ನಾಲ್ಕು ಬೆರಳು ಎತ್ತಿ ಬಗ್ಗಿ ನೋಡುತ್ತಿದ್ದೆ. ಸೀರೆಪಟ್ಟಿ ಸುತ್ತಿದ ಕೊರಡು. ಎಲೆಯಿಲ್ಲ, ಚಿಗುರಿಲ್ಲ. ನೀರು ಹೊಯ್ದು, ಅಂಚು ಇಳಿಸಿ, ಹೊಗೆ ಹಾಕಿ ಬರುತ್ತಿದ್ದೆ. ಸತ್ತವರಿಗೆ ಶುಂಠಿನೀರು ಕುಡಿಸುತ್ತಿದ್ದೇನೆಂಬುದು ಮನಸ್ಸಿಗೆ ಗೊತ್ತಾಗಿತ್ತು. ಆದರೂ ಕಂಬಳಿ ತೆಗೆಯಲು ಕೈ ಬರಲಿಲ್ಲ. ಹೊದಿಸಿರುವವರೆಗೆ ಬಾಣಂತಿ, ತೆಗೆದ ಕ್ಷಣ ಹೆಣ.

ಅಷ್ಟರಲ್ಲಿ ಮೊಳಕಾಲ್ಮೂರಿನ ಗಾಡಿಯವನ ಬಾಯಲ್ಲಿ ಸುದ್ದಿ ಬಂತು: ಉಗಾದಿಗೆ ಹತ್ತು ದಿನ ಮುಂಚೆಯೇ ರುದ್ರಮ್ಮನವರು ಬರುತ್ತಾರೆ, ಚಳ್ಳಕೆರೆಯ ಬಿಸಿಲಿನಲ್ಲಿ ಸಂಡಿಗೆ ಇಟ್ಟುಕೊಂಡು, ಬಳ್ಳಿಯನ್ನೂ ತೆಗೆದುಕೊಂಡು ಹೋಗುತ್ತಾರೆ. ನಾನು ಒಳಗೋಣೆಯಲ್ಲಿ ಕುಳಿತು ಕಂಬಳಿಯನ್ನೇ ರುದ್ರಮ್ಮನವರೆಂದು ಭಾವಿಸಿ ಅಭ್ಯಾಸ ಶುರುಮಾಡಿದೆ. 'ಬೀಗ್ರೇ, ತಪ್ಪು ನಂದು. ಗಂಗಮ್ಮನಿಗೆ ಏನೂ ಅನ್ನಬ್ಯಾಡ್ರಿ.' ಇಷ್ಟೇ. ಕಂಬಳಿಯ ಮುಂದೆ ಚೆನ್ನಾಗಿಯೇ ಬರುತ್ತಿತ್ತು. ನಾಗಮ್ಮ ಒಲೆಯ ಮುಂದಿನಿಂದಲೇ, "ಮೇಕೆ ತಿಂತು ಅನ್ನಿ ಅತ್ತೆ, ಮುಗೀತು" ಎಂದಳು.

"ನಮ್ಮನೇಲಿ ಮೇಕೆ ಎಲ್ಲೈತೆ?"

"ಬೀಗರಿಗೇನು ಗೊತ್ತು?"

"ಯಾರ ಮೇಕೆ ಅಂತಾರೆ, ಎಂಗೆ ಬಂತು ಅಂತಾರೆ, ನೀವೇನು ನೋಡ್ತಿದ್ರಿ ಅಂತಾರೆ." ಸುಳ್ಳಿಗೆ ನಿಜಕ್ಕಿಂತ ಮೂರು ಪಾಲು ಹೆಚ್ಚು ಮಾತು ಬೇಕು. ನನ್ನಂಥವಳಿಗೆ ಅದು ಗಿಟ್ಟುವ ಬಾಬಲ್ಲ.

ರುದ್ರಮ್ಮನವರು ಬಂದರು. ಕಾಲು ತೊಳೆದುಕೊಂಡರು, ಕೂತರು, ಬಿಸಿಲಿನ ಮಾತು, ಎತ್ತಿನ ಮಾತು, ಗಂಗಮ್ಮನಿಗೆ ಈಗ ಮೂರು ತಿಂಗಳು ಎನ್ನುವ ಸಿಹಿ ಮಾತು, ಎಲ್ಲ ಆಡಿದರು. ಬಳ್ಳಿಯ ಮಾತೊಂದು ಬಿಟ್ಟು. ಮೊಮ್ಮಗು ಬರುವ ಸುದ್ದಿಗೆ ಹಿಗ್ಗಬೇಕಾದ ನಾನು, ಹೆರಿಗೆಗೆ ತವರಿಗೆ ಕಳಿಸುವಾಗ ಈ ಬಳ್ಳಿಯನ್ನು ನೆನೆದು ಏನು ಹೇಳುತ್ತಾರೋ ಎಂದು ಇನ್ನಷ್ಟು ಕುಗ್ಗಿದೆ. ಕೊನೆಗೆ ನಾನೇ, ಒಳಗೋಣೆಯಲ್ಲಿಟ್ಟಿದ್ದೇನೆ, ಬಾಣಂತಿಯ ಹಾಗೆ ನೋಡಿಕೊಂಡಿದ್ದೇನೆ, ದಾರಿಯಿಂದ ಬಂದವರು ಕೂಡಲೇ ನೋಡಬಾರದು ಎಂದು ಗೊಣಗಿದೆ. ಅವರು ಹಟ ಮಾಡುತ್ತಾರೆ ಎಂದು ಸೆರಗು ಬಿಗಿ ಹಿಡಿದಿದ್ದೆ. ಅವರೋ, "ಆಗ್ಲಿ ಬಿಡ್ರಿ, ಬಾಣಂತಿ ಮಲಗ್ಲಿ, ಅವಸರ ಏನೈತೆ" ಎಂದು ಬೇಗ ಬೇಗ ಹೇಳಿ ಮೆಣಸಿನಕಾಯಿಯ ಧಾರಣೆ ಕೇಳಿದರು. ಎರಡು ದಿನ ಹೀಗೆಯೇ ನಡೆಯಿತು. ನಾನು ಮುದ್ದೆ ಮುರಿಯುತ್ತ ಬಳ್ಳಿ ಎಂದು ತೊದಲಿದರೆ ಅವರು ಬದನೆಕಾಯಿ ಎನ್ನುತ್ತಿದ್ದರು. ಒಳಗೋಣೆಯ ಮುಂದೆ ಹಾಯುವಾಗ ಇಬ್ಬರೂ ಕಳ್ಳರ ಹಾಗೆ ಹೆಜ್ಜೆ ಇಡುತ್ತಿದ್ದೆವು. ಮಾತಿನ ಮಲ್ಲಿಯಾದ ಅವರು ಯಾಕೆ ಕೇಳುತ್ತಿಲ್ಲ ಎಂದು ಯೋಚಿಸುವಷ್ಟು ತಲೆ ನನಗಿರಲಿಲ್ಲ. ಕೇಳದಿದ್ದರೆ ಸಾಕೆಂದು ದೇವರಿಗೆ ದೀಪ ಹಚ್ಚಿದೆ.

ಮೂರನೆಯ ದಿನ ಬೆಳಿಗ್ಗೆ ಸಂಡಿಗೆ. ಅಕ್ಕಿಹಿಟ್ಟಿನ ಅಂಬಲಿ ಕಾಯಿಸಿ, ಹಳೆಯ ಪಂಚೆ ತೆಗೆದುಕೊಂಡು ಮಾಳಿಗೆಗೆ ಹೊರಟೆವು. ತೊಗರಿ ಒಣಗಿಸಿ ಇಳಿಸಿದ ಮೇಲೆ ಪುಷ್ಯದಿಂದ ಯಾರೂ ಮಾಳಿಗೆ ಹತ್ತಿರಲಿಲ್ಲ. ರುದ್ರಮ್ಮನವರು ಮುಂದೆ, ನಾನು ಮೆಟ್ಟಿಲು ಎಣಿಸಿಕೊಂಡು ಹಿಂದೆ, ನನ್ನ ಹಿಂದೆ ಪಾತ್ರೆ ಹೊತ್ತ ನಾಗಮ್ಮ. ಏಣಿಯ ತುದಿಯಲ್ಲಿ ರುದ್ರಮ್ಮನವರು ನಿಂತುಬಿಟ್ಟರು. ಮಾತು ನಿಂತಿತು. ಅವರ ಮಾತು ನಿಂತದ್ದನ್ನು ನಾನು ಅದೇ ಮೊದಲು ಕೇಳಿದ್ದು, ಹಾವೇ ಇರಬೇಕೆಂದುಕೊಂಡೆ.

"ಬೀಗ್ರೇ, ಮೇಲೆ ಬರ್ರಿ" ಎಂದರು, ಸಣ್ಣ ದನಿಯಲ್ಲಿ.

ಬೆಳಕಿಂಡಿಯ ಚಪ್ಪಡಿಗೂ ಕಲ್ಲಿಗೂ ನಡುವಿನ ಸಂದಿಯಿಂದ ಹಗ್ಗದ ಹಾಗೆ ಒಂದು ದಂಟು ಹೊರಬಿದ್ದಿತ್ತು. ಹೊರಬಿದ್ದದ್ದು ಸುಮ್ಮನಿರದೆ ತೊಗರಿಕಟ್ಟಿಗೆಯ ರಾಶಿ ಹತ್ತಿ, ಅಲ್ಲಿಂದ ಕೈಪಿಡಿಗೋಡೆ ಹಿಡಿದು, ಅರ್ಧ ಮಾಳಿಗೆ ತುಂಬ ಹಸಿರು ಹಾಸಿಕೊಂಡು ಮಲಗಿತ್ತು. ಅದರ ಮೇಲೆ ಗೊಂಚಲು. ಹಿಂದಿನ ಸಂಜೆಯವು ಗುಲಾಬಿ, ಅದರ ಹಿಂದಿನವು ಕೆಂಪು, ಮೊಗ್ಗಿನ ತುದಿಯಲ್ಲಿ ಬಿಳಿ. ಜೇನುಹುಳುಗಳಿಗೆ ನಮಗಿಂತ ಮುಂಚೆಯೇ ಸುದ್ದಿ ಮುಟ್ಟಿತ್ತು.

ನಾನು ಏಣಿ ಇಳಿದು ಒಳಗೋಣೆಗೆ ಓಡಿದೆ. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಕಂಡಿತು. ಕಂಬಳಿಯ ನೆತ್ತಿಯ ಕಿಂಡಿಯಿಂದ ಹುಳುವಿನಷ್ಟು ಬೆಳ್ಳಗಿನ ಒಂದು ಎಳೆ ಹೊರಟು, ಬೆಣ್ಣೆಗಡಿಗೆ ತೂಗುವ ನೆಲುವಿನ ಹಗ್ಗ ಹಿಡಿದು, ಅದಕ್ಕೆ ಸುತ್ತಿ ಸುತ್ತಿ, ಬೆಳಕು ಬರುವ ಕಡೆಗೆ ಏರಿ ಹೋಗಿತ್ತು. ಎರಡು ತಿಂಗಳು ನಾನು ಅದರ ಬುಡಕ್ಕೆ ಬಗ್ಗಿ ಬಗ್ಗಿ ಅತ್ತಿದ್ದೆ. ಅದು ಎರಡು ತಿಂಗಳು ನನ್ನ ತಲೆಯ ಮೇಲೆಯೇ ಬೆಳೆಯುತ್ತಿತ್ತು. ಹುಟ್ಟಿದಾಗಿನಿಂದ ತಲೆ ತಗ್ಗಿಸಿ ನಡೆದವಳಿಗೆ ಬೆಳಕಿಂಡಿಯ ಕಡೆ ನೋಡುವ ಅಭ್ಯಾಸ ಎಲ್ಲಿಂದ ಬರಬೇಕು?

ಮತ್ತೆ ಮೇಲೆ ಹೋದಾಗ ರುದ್ರಮ್ಮನವರು ಮಾಳಿಗೆಯ ಮೇಲೆ ಕುಕ್ಕರಿಸಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

"ನಿಮ್ಮ ಕಾಲಿಗೆ ಬೀಳಬೇಕು ನಾನು" ಎಂದರು. "ಇದು ಮೊದಲನೇದಲ್ಲ ಬೀಗ್ರೇ, ಎರಡನೇದು. ಮೊದಲನೇದು ಹೋದ ವರ್ಷ ಪುಷ್ಯದಾಗೆ ಎಲೆ ಉದುರಿಸ್ತು. ಬಾಯಾರೈತೆ ಅಂತ ಬೆಳಿಗ್ಗೆ ಒಂದು ಕೊಡ, ಸಂಜಿಗೆ ಒಂದು ಕೊಡ ನೀರು ಹೊಯ್ದೆ. ಬೇರು ಕೊಳೆತು ನಾತ ಬಂತು. ಇವರು ಬಳ್ಳಾರಿಗೆ ಹೋಗಿ ಇನ್ನೊಂದು ತಂದು, ಇದೂ ಹೋದ್ರೆ ನಿನ್ನ ಕೈಗುಣ ಎಂಥಾದ್ದು ಅಂತ ಊರಿಗೇ ಗೊತ್ತಾಗ್ತೈತೆ ಅಂದ್ರು. ಹಂಗಾಗಿ..." ಎಂದು ಮೂಗೊರೆಸಿಕೊಂಡರು. "ಸಾಯೋದಾದ್ರೆ ನಿಮ್ಮನೇಲಿ ಸಾಯ್ಲಿ ಅಂತ ತಂದಿಟ್ಟೆ. ಬೈಗುಳ ನಿಮಗಾಗ್ಲಿ ಅಂತ. ಬಂದಾಗಿಂದ ಕೇಳೋಕೆ ಬಾಯೇ ಬರ್ಲಿಲ್ಲ."

ಈಗ ನನ್ನ ಸರದಿ. ನಾನೂ ಅದು ಸತ್ತಿದೆ ಎಂದೇ ತಿಳಿದಿದ್ದೆ, ಈ ಮಾಳಿಗೆಯ ಮೇಲಿನ ವೈಭವ ನನಗೂ ನಿಮ್ಮಷ್ಟೇ ಹೊಸದು ಎಂದು ಹೇಳಬೇಕು. ಅವರು ಅಷ್ಟು ದೊಡ್ಡ ಮಾತನ್ನು ಬಿಚ್ಚಿ ಹೇಳಿದ ಮೇಲೆ ಇಷ್ಟು ಹೇಳುವುದು ನ್ಯಾಯ. ನಾಗಮ್ಮ ಅಂಬಲಿಯ ಪಾತ್ರೆ ಇಳಿಸಿ, ಹುಬ್ಬೇರಿಸಿ ನನ್ನನ್ನೇ ನೋಡುತ್ತಿದ್ದಳು.

"ಅದೇನು ಮಾಡಿದ್ರಿ, ಅದನ್ನಾದ್ರೂ ಹೇಳ್ರಿ" ಎಂದರು ರುದ್ರಮ್ಮನವರು.

ನಾನು ತಲೆ ತಗ್ಗಿಸಿ, ಸೆರಗು ತಿರುವುತ್ತ, "ಬಾಣಂತನ" ಎಂದೆ.

ಒಂದಕ್ಷರವೂ ಸುಳ್ಳಲ್ಲ. ರುದ್ರಮ್ಮನವರು ನನ್ನ ಎರಡು ಕೈ ಹಿಡಿದುಕೊಂಡರು. "ಬಳ್ಳಿಗೇ ಹಿಂಗೆ ಮಾಡಿದೋರು ನನ್ನ ಸೊಸೆಗೆ ಇನ್ನೆಂಗೆ ಮಾಡೀರಿ. ಏಳು ತುಂಬುತ್ಲೂ ಕಳಿಸಿಕೊಡ್ತೀನಿ, ಐದು ತಿಂಗಳು ಬಾಣಂತನ ಮಾಡಿ ಕಳಿಸ್ರಿ, ನಾನು ಕೇಳಂಗಿಲ್ಲ" ಎಂದರು. ಮೂರು ತಿಂಗಳಿಗೆ ಕರೆಸಿಕೊಳ್ಳುವುದು ಅವರ ಮನೆಯ ಪದ್ಧತಿ. ನನ್ನ ಹೊಟ್ಟೆಯ ಕಲ್ಲು ಅಲ್ಲಿಯೇ ಮಾಳಿಗೆಯ ಮೇಲೆ ಇಳಿಯಿತು. ಹಿಂದಿನಿಂದ ನಾಗಮ್ಮನ ಕೆಮ್ಮು ಕೇಳಿಸಿತು, ಅವಳಿಗೆ ಕೆಮ್ಮಿರಲಿಲ್ಲ.

ಬಳ್ಳಿಯನ್ನು ಇಳಿಸುವುದೇ ಒಂದು ದಿನದ ಕೆಲಸವಾಯಿತು. ಕತ್ತರಿಸಲು ರುದ್ರಮ್ಮನವರು ಒಪ್ಪಲಿಲ್ಲ. ಚಪ್ಪಡಿ ಸರಿಸಿ, ನಾಗಮ್ಮ ಮೇಲಿನಿಂದ ಬಾವಿಗೆ ಹಗ್ಗ ಬಿಟ್ಟ ಹಾಗೆ ಬಿಡುತ್ತ ಹೋದಳು, ಕೆಳಗೆ ನಾವಿಬ್ಬರು ಬೀಗತಿಯರು ಸುರುಳಿ ಸುತ್ತಿಕೊಂಡೆವು. ಅರ್ಧ ಎಲೆ ಉದುರಿತು, ಈ ಸಲ ಯಾರೂ ಮಡಿಲಿಗೆ ಹಾಕಿಕೊಳ್ಳಲಿಲ್ಲ. ಬಾಣಂತಿಯನ್ನು ಗಂಡನ ಮನೆಗೆ ಬರಿಗೈಯಲ್ಲಿ ಕಳಿಸಬಾರದೆಂದು ನಾಗಮ್ಮ ಡಬ್ಬಕ್ಕೆ ಅರಿಸಿನ ಕುಂಕುಮ ಹಚ್ಚಿ ಅಕ್ಕಿ ಬೆಲ್ಲ ಇಟ್ಟಳು, ಅಣಕಕ್ಕೋ ಪ್ರೀತಿಗೋ ನನಗೆ ಗೊತ್ತಾಗಲಿಲ್ಲ. ಮುಂದೆ ಗಂಗಮ್ಮ ಹೆರಿಗೆಗೆ ಬಂದಳು, ಐದು ತಿಂಗಳೂ ಇದ್ದಳು, ಅವಳ ಹಿರಿಯ ಮಗ ಅದೇ ಕೋಣೆಯಲ್ಲಿ ಹುಟ್ಟಿದ. ಅತ್ತೆಯ ಮನೆಯಲ್ಲಿ ಅವಳ ತವರಿನ ಮಾತು ಬಂದರೆ, ಅವ್ವನ ಕೈಗುಣ ಎಂದು ರುದ್ರಮ್ಮನವರೇ ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದರಂತೆ. ಅವರು ಹೇಳಿಕೊಂಡು ಬರುವುದೆಂದರೆ ಸಾಮಾನ್ಯವೇ?

ಮರುವರ್ಷ ಕಾರ್ತಿಕದಲ್ಲಿ, ಗಂಗಮ್ಮ ಕೂಸಿನ ಜೊತೆ ಇನ್ನೂ ನಮ್ಮಲ್ಲೇ ಇರುವಾಗ, ಆ ಮಾತಿನ ಫಲ ಕಂಡಿತು. ಬಾಗಿಲಲ್ಲಿ ಎರಡು ಗಾಡಿ. ಡಬ್ಬ ಒಂದಲ್ಲ, ಐದು. ಒಂದು ಅವರದು, ಉಳಿದವು ಅದರ ಕಡ್ಡಿ ನೆಟ್ಟು ಬೆಳೆಸಿಕೊಂಡ ಅವರ ಓಣಿಯವರದು. ಡಬ್ಬದ ಜೊತೆಗೆ ಅವುಗಳ ಯಜಮಾನಿಯರೂ ನನ್ನ ಕೈಗುಣ ಕಣ್ಣಾರೆ ನೋಡಲು ಗಾಡಿ ತುಂಬ ಬಂದಿದ್ದರು. "ಈಗಾದ್ರೂ ಹೇಳಿಬಿಡ್ರಿ ಅತ್ತೆ, ಮುಂದೆ ಕಷ್ಟ ಐತೆ" ಎಂದು ನಾಗಮ್ಮ ಕಿವಿಯಲ್ಲಿ ಅಂದಳು. ಹೇಳಬೇಕೆಂದೇ ಹೊಸಿಲಿಗೆ ಬಂದೆ. ಬಂದ ಹೆಂಗಸರೆಲ್ಲ ನನ್ನ ಬಾಯನ್ನೇ ನೋಡುತ್ತಿದ್ದರು. ಬಾಯಿ ತೆರೆದೆ.

"ಗಾಳೀಲಿ ಯಾಕೆ ನಿಲ್ಲಿಸೀರಿ ಬಾಣಂತೇರನ್ನ? ಒಳಗೆ ತರ್ರಿ. ತಣ್ಣೀರು ಏನಾದ್ರೂ ಹಾಕೀರೋ ದಾರೀಲಿ? ಹಾಕಿದ್ರೆ ಈಗ್ಲೇ ಹೇಳ್ರಿ, ಆಮೇಲೆ ನನ್ನ ಕೇಳಬ್ಯಾಡ್ರಿ" ಎಂದೆ.

ನಿಮ್ಮ ಅಜ್ಜಿ ನಾಚಿಕೆಯ ಸ್ವಭಾವದವಳೆಂದು ಊರೆಲ್ಲ ನಂಬಿದೆ. ಐವತ್ತು ವರ್ಷ ನಾನೂ ನಂಬಿದ್ದೆ. ಆ ದಿನ ನನ್ನ ದನಿ ಓಣಿಯ ತುದಿಯ ಬಾವಿಕಟ್ಟೆಗೂ ಕೇಳಿಸಿತಂತೆ.